ಟರ್ಬೊಗೆ ಯಾವ ಬ್ಲಾಕ್?

ಪ್ರಶ್ನೆ: ಟರ್ಬೊ ಹಾಕಿ ಶಕ್ತಿ ಹೆಚ್ಚಿಸಬೇಕು. ಬೀಡು ಕಬ್ಬಿಣದ ಎಂಜಿನ್ ಬ್ಲಾಕ್ ಆರಿಸಲೇ, ಅಲ್ಯೂಮಿನಿಯಂ ಬ್ಲಾಕ್ ಆರಿಸಲೇ?

ಉತ್ತರ: ಹೆಚ್ಚಿನ ಬೂಸ್ಟ್ (ಟರ್ಬೊ ಎಂಜಿನ್‌ಗೆ ತುಂಬುವ ಗಾಳಿಯ ಒತ್ತಡ) ಬೇಕಿದ್ದರೆ ಬೀಡು ಕಬ್ಬಿಣವೇ ಸರಿ. ಟೊಯೋಟಾದ 2ಜೆಝಡ್-ಜಿಟಿಇ ಎಂಜಿನ್ ಇಂದಿಗೂ ಟ್ಯೂನರ್‌ಗಳ (ಎಂಜಿನ್ ಶಕ್ತಿ ಹೆಚ್ಚಿಸುವವರ) ಅಚ್ಚುಮೆಚ್ಚಾಗಿರಲು ಅದರ ಗಟ್ಟಿ ಕಬ್ಬಿಣದ ಬ್ಲಾಕ್ ಮುಖ್ಯ ಕಾರಣ. ಒತ್ತಡ ಏರಿದರೂ ಬೋರ್ (ಸಿಲಿಂಡರ್‌ನ ಒಳರಂಧ್ರ) ದುಂಡಗೇ ಉಳಿಯುತ್ತದೆ. ಬೋರ್ ಹಿಗ್ಗಿಸುವ ಮುನ್ನ ಮಾತ್ರ ಅಲ್ಟ್ರಾಸಾನಿಕ್ ಗೇಜಿನಿಂದ ಗೋಡೆಯ ದಪ್ಪ ಅಳೆಸಿ.

ಅಲ್ಯೂಮಿನಿಯಂ ಹಗುರ: ಅದರ ಸಾಂದ್ರತೆ ಘನ ಸೆಂ.ಮೀ.ಗೆ 2.7 ಗ್ರಾಂ, ಬೀಡು ಕಬ್ಬಿಣದ್ದು ಸುಮಾರು 7.2 ಗ್ರಾಂ. ಮುಂಭಾಗದ ಭಾರ ಇಳಿದರೆ ತಿರುವುಗಳಲ್ಲಿ ಕಾರು ಚುರುಕಾಗುತ್ತದೆ. ಬೂಸ್ಟ್ ಮಿತವಾಗಿದ್ದರೆ ಇದೇ ಜಾಣ ಆಯ್ಕೆ. ತೊಡಕು ಓಪನ್ ಡೆಕ್ ಬ್ಲಾಕ್‌ಗಳದ್ದು. ಅಲ್ಲಿ ಸಿಲಿಂಡರ್‌ಗಳ ಮೇಲ್ತುದಿಗೆ ಸುತ್ತಲಿನ ಆಧಾರವಿಲ್ಲ. ಒತ್ತಡಕ್ಕೆ ಅವು ಅಲುಗಿ ಹೆಡ್ ಗ್ಯಾಸ್ಕೆಟ್ (ಬ್ಲಾಕ್ ಮತ್ತು ಸಿಲಿಂಡರ್ ಹೆಡ್ ನಡುವಿನ ಸೀಲ್) ಸೋರುತ್ತದೆ. ಕ್ಲೋಸ್ಡ್ ಡೆಕ್ ಬ್ಲಾಕ್ ಹುಡುಕಿ, ಇಲ್ಲವೇ ಗಟ್ಟಿ ಸ್ಲೀವ್ (ಸಿಲಿಂಡರ್‌ಗೆ ಕೂರಿಸುವ ಕೊಳವೆ) ಹಾಕಿಸಿ.

ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಒಮ್ಮೆ ಅತಿಯಾಗಿ ಕಾದ ಬ್ಲಾಕಿನ ಡೆಕ್ (ಹೆಡ್ ಕೂರುವ ಮೇಲ್ಮೈ) ಸೊಟ್ಟಗಾಗಿರಬಹುದು. ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ) ಇಟ್ಟು, ಕೆಳಗಿನ ಸಂದನ್ನು ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ಪಟ್ಟಿಗಳಿಂದ) ಅಳೆದು ನೋಡಿ. ಹಲವು ಎಂಜಿನ್‌ಗಳಿಗೆ ಮಿತಿ 0.05 ಮಿ.ಮೀ. ಹೆಡ್ ಬೋಲ್ಟ್ ರಂಧ್ರದಲ್ಲಿ ಎಣ್ಣೆ ಉಳಿದಿದ್ದರೆ ಬಿಗಿಯುವಾಗ ಬ್ಲಾಕ್ ಬಿರಿಯಬಹುದು. ರಂಧ್ರವನ್ನು ಪೂರ್ತಿ ಒರೆಸಿ, ಎಂಜಿನ್ ತಣ್ಣಗಿರುವಾಗಲೇ, ಮ್ಯಾನ್ಯುಯಲ್‌ನ ಕ್ರಮದಲ್ಲಿ ಬೋಲ್ಟ್‌ಗಳನ್ನು ಹಂತಹಂತವಾಗಿ ಬಿಗಿಯಿರಿ.