ಪಾರ್ಚ್‌ಮೆಂಟ್ ಅಂದರೆ ತೊಗಲೋ, ಕಾಫಿಯೋ?

ನಿಘಂಟು ನೋಡಿದರೆ ಪಾರ್ಚ್‌ಮೆಂಟ್ ಅಂದರೆ ಬರೆಯುವ ತೊಗಲು ಅಂತಿದೆ, ಚಿಕ್ಕಮಗಳೂರಿನ ಕಾಫಿ ಧಾರಣೆ ಬೋರ್ಡಿನಲ್ಲಿ ಆ ಪದಕ್ಕೇನು ಕೆಲಸ ಅಂತ ಕೇಳಿದ್ದೀರಿ. ಎರಡೂ ಒಂದೇ ಪದ.

ಅದರ ಮೂಲ ಪೆರ್ಗಮಾನ್ ಎಂಬ ಊರು, ಈಗಿನ ಟರ್ಕಿಯ ಬೆರ್ಗಾಮ. ಕುರಿ, ಆಡು, ಕರುಗಳ ತೊಗಲನ್ನು ಸುಣ್ಣದ ನೀರಲ್ಲಿ ನೆನೆಸಿ, ಕೂದಲು ತೆಗೆದು, ಚೌಕಟ್ಟಿಗೆ ಬಿಗಿದು, ಹೆರೆದು ಒಣಗಿಸಿದ ಹಾಳೆಗೆ ಆ ಊರಿನ ಹೆಸರೇ ಅಂಟಿತು. ಈಜಿಪ್ಟಿನ ದೊರೆ ಪಪೈರಸ್ (ಜೊಂಡಿನಿಂದ ಮಾಡಿದ ಬರೆಯುವ ಹಾಳೆ) ಕಳಿಸೋದು ನಿಲ್ಲಿಸಿದ್ದಕ್ಕೆ ಅಲ್ಲಿ ಇದನ್ನು ಕಂಡುಹಿಡಿದರು ಅಂತ ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ತೊಗಲಿನ ಮೇಲೆ ಬರೆಯುವ ರೂಢಿ ಅದಕ್ಕಿಂತ ಹಳೆಯದು, ಹಾಗಾಗಿ ನಾನು ಆ ಕತೆಯನ್ನು ಪೂರ್ತಿ ನಂಬೋದಿಲ್ಲ. ಹಳೆ ಫ್ರೆಂಚಿನ ಪಾರ್ಚೆಮಿನ್ ಇಂಗ್ಲಿಷಿಗೆ ಬಂದ ಮೇಲೆ, ಗವರ್ನಮೆಂಟ್, ಡಾಕ್ಯುಮೆಂಟ್ ಥರದ ಪದಗಳ ಬಾಲ ನೋಡಿ ಇದಕ್ಕೂ ಒಂದು 'ಟ್' ಸೇರಿಕೊಂಡಿತು.

ಈ ತೊಗಲನ್ನು ಚಪ್ಪಲಿ ಚರ್ಮದ ಹಾಗೆ ಹದ ಮಾಡೋದಿಲ್ಲ. ತಮಟೆಯ ತೊಗಲಿನಂತೆ ಒಣಗಿ ಬಿಗಿಯಾಗಿ ನಿಲ್ಲುತ್ತದೆ. ಕಾಫಿಗೆ ಹೆಸರು ಬಂದಿರೋದು ಈ ಗುಣದಿಂದಲೇ. ಹಣ್ಣನ್ನು ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಿ, ತೊಟ್ಟಿಯಲ್ಲಿ ಹುಳಿಯಲು ಬಿಡುತ್ತಾರೆ, ಅರೇಬಿಕಾ ಜಾತಿಯ ಕಾಫಿಗೆ ಸಾಮಾನ್ಯವಾಗಿ 24ರಿಂದ 36 ಗಂಟೆ. ಬೀಜವನ್ನು ಮುಷ್ಟಿಯಲ್ಲಿ ಹಿಡಿದು ಉಜ್ಜಿದಾಗ ಜಾರದೆ ಮರಳಿನಂತೆ ಗರಗರ ಅಂದರೆ ಅದಕ್ಕೆ ಅಂಟಿದ್ದ ಲೋಳೆ ಬಿಟ್ಟಿದೆ, ತೊಳೆಯಬಹುದು. ಹೊತ್ತು ಮೀರಿದರೆ ಬೀಜಕ್ಕೆ ಹುಳಿವಾಸನೆ ಹತ್ತುತ್ತದೆ. ಆಮೇಲೆ ಕಣದಲ್ಲಿ ತೇವಾಂಶ ಶೇ 10ಕ್ಕೆ ಇಳಿಯುವ ತನಕ ಒಣಗಿಸಿದಾಗ ಬೀಜದ ಸುತ್ತ ಉಳಿಯುವ ಗರಿಗರಿ ಹೊಟ್ಟೇ ಪಾರ್ಚ್‌ಮೆಂಟ್. ಅದು ಹಣ್ಣಿನ ಒಳಪದರ. ಬಿರುಬಿಸಿಲಲ್ಲಿ ಅವಸರದಿಂದ ಒಣಗಿಸಿದರೆ ಹೊಟ್ಟು ಸೀಳಿ ಬೀಜ ಬಯಲಾಗಿ ಬಣ್ಣ ಕೆಡುತ್ತದೆ. ಹಸಿ ಉಳಿಸಿ ಚೀಲ ಕಟ್ಟಿದರೆ ಬೂಸ್ಟು ಹಿಡಿಯುತ್ತದೆ.

ಬೋರ್ಡಿನ ಇನ್ನೊಂದು ಪದ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು. ಫ್ರೆಂಚರ ಚೆರೀಸ್‌ನ ಕೊನೆಯ 'ಸ್' ಬಹುವಚನದ್ದು ಅಂದುಕೊಂಡು ಇಂಗ್ಲಿಷರು ಅದನ್ನು ಕಿತ್ತುಹಾಕಿದರು. ಹಣ್ಣಿನಲ್ಲಿ ಒಂದೇ ಉರುಟು ಬೀಜ ಇರುವ ಪೀಬೆರಿಯ 'ಪೀ' ಕೂಡ ಹೀಗೇ, ಬಟಾಣಿ ಎಂಬರ್ಥದ ಹಳೆಯ ಇಂಗ್ಲಿಷ್ ಪದ 'ಪೀಸ್'ನಿಂದ ಹುಟ್ಟಿದ್ದು.

ದರ ಓದುವಾಗ ಪಾರ್ಚ್‌ಮೆಂಟ್, ಚೆರಿ ಎರಡನ್ನೂ ಬೆರೆಸಬೇಡಿ. ಎರಡಕ್ಕೂ ಲೆಕ್ಕ 50 ಕೆಜಿ ಚೀಲದ್ದೇ. ಆದರೆ ಕ್ಯೂರಿಂಗ್‌ನಲ್ಲಿ, ಅಂದರೆ ಕಾಫಿ ಹಸನು ಮಾಡುವ ಮಿಲ್ಲಿನಲ್ಲಿ, ಹೊಟ್ಟು ತೆಗೆದ ಮೇಲೆ ಪಾರ್ಚ್‌ಮೆಂಟ್ ಚೀಲದಲ್ಲಿ ಸುಮಾರು 40 ಕೆಜಿ ಬೀಜ ಸಿಕ್ಕರೆ, ಚೆರಿ ಚೀಲದಲ್ಲಿ ಚೀಲದ ತೂಕದ ಹೆಚ್ಚುಕಡಿಮೆ ಅರ್ಧ ಮಾತ್ರ.