ಪಾಯಿಂಟ್ 32 ಲಾಂಗ್ ತೋಟಾ: ಓದುಗರ ಪ್ರಶ್ನೆಗಳಿಗೆ ಉತ್ತರ

ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಿಂದ .32 ರಿವಾಲ್ವರ್ ಮತ್ತು ಅದರ ತೋಟಾದ ಬಗ್ಗೆ ಬಂದ ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಹೊರದೇಶಗಳಲ್ಲಿ ಅಂಗಡಿಯಲ್ಲೂ ಅಪರೂಪವಾಗಿರುವ .32 ಲಾಂಗ್ ತೋಟಾ ನಮ್ಮಲ್ಲಿ ಇನ್ನೂ ಓಡುತ್ತಿದೆ. ಶಕ್ತಿ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ, ಆದರೂ ಗುರಿಕಾರರು ಬಿಡುವುದಿಲ್ಲ. ಏನು ಕಾರಣ?
– ಪಿ.ಜೆ. ಬಡಾವಣೆ, ದಾವಣಗೆರೆ

ನಮ್ಮಲ್ಲಿ ಇದನ್ನು ಉಳಿಸಿದ್ದು ಕಾನೂನು. ಗುರಿಕಾರರು ಇದನ್ನು ಹಿಡಿದುಕೊಂಡಿರುವುದು ಮಾತ್ರ ಇದರ ನಿಖರತೆಗಾಗಿ.

ಇದರ ಪೂರ್ಣ ಹೆಸರು .32 ಸ್ಮಿತ್ ಅಂಡ್ ವೆಸನ್ ಲಾಂಗ್. ಹುಟ್ಟಿದ್ದು 1896ರಲ್ಲಿ. ಸ್ಮಿತ್ ಅಂಡ್ ವೆಸನ್ ಎಂಬ ಅಮೆರಿಕದ ಕಂಪನಿ 1878ರಲ್ಲಿ ತಂದಿದ್ದ ಗಿಡ್ಡ .32 ತೋಟಾದ ಹಿತ್ತಾಳೆ ಕೋಶವನ್ನು ಸುಮಾರು 15.5 ಮಿ.ಮೀ.ನಿಂದ 23.4 ಮಿ.ಮೀ.ಗೆ ಉದ್ದ ಮಾಡಿದರು. ಕೋಲ್ಟ್ ಕಂಪನಿಗೆ ಪ್ರತಿಸ್ಪರ್ಧಿಯ ಹೆಸರನ್ನು ತನ್ನ ರಿವಾಲ್ವರಿನ ಮೇಲೆ ಕೊರೆಯಲು ಇಷ್ಟವಿರಲಿಲ್ಲ. ಗುಂಡಿನ ಮೂತಿಯನ್ನು ಚಪ್ಪಟೆ ಮಾಡಿ, ಇದೇ ತೋಟಾವನ್ನು ‘.32 ಕೋಲ್ಟ್ ನ್ಯೂ ಪೊಲೀಸ್’ ಅಂತ ಮಾರಿತು. ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್ ನ್ಯೂಯಾರ್ಕ್ ಪೊಲೀಸ್ ಆಯುಕ್ತರಾಗಿದ್ದಾಗ ಅಲ್ಲಿನ ಪೊಲೀಸರಿಗೆ ಕೊಡಿಸಿದ್ದು ಕೋಲ್ಟಿನ ಆ ರಿವಾಲ್ವರನ್ನೇ. ಆಮೇಲೆ .38 ಬಂತು, ಅಮೆರಿಕದ ಪೊಲೀಸರು .32 ಅನ್ನು ಕೈಬಿಟ್ಟರು.

ನಮ್ಮಲ್ಲಿ ಆದದ್ದು ಬೇರೆ. 1962ರ ಶಸ್ತ್ರಾಸ್ತ್ರ ನಿಯಮಗಳು, ರಿಮ್ (ತಳದಲ್ಲಿ ಚಾಚಿದ ಅಂಚು) ಇರುವ .380, .455 ತೋಟಾ ಅಥವಾ ಸೇನೆಯ 9 ಎಂಎಂ ತೋಟಾ ಹಿಡಿಸುವ ಪಿಸ್ತೂಲು, ರಿವಾಲ್ವರುಗಳನ್ನು ಸಾಮಾನ್ಯರ ಕೈಗೆ ಸಿಗದ ವರ್ಗಕ್ಕೆ ಸೇರಿಸಿದವು. ಲೈಸೆನ್ಸುದಾರನಿಗೆ ಮುಖ್ಯವಾಗಿ ಉಳಿದದ್ದು .32. ಕಾನ್ಪುರದ ಆರ್ಡ್‌ನೆನ್ಸ್ ಕಾರ್ಖಾನೆ ಬ್ರಿಟನ್ನಿನ ವೆಬ್ಲಿ ರಿವಾಲ್ವರಿನ ಮಾದರಿಯಲ್ಲಿ ಮಾಡಿದ ಆರು ಗುಂಡಿನ .32 ರಿವಾಲ್ವರ್ ಈ ತೋಟಾವನ್ನೇ ಹಾರಿಸುತ್ತದೆ. 2014ರಲ್ಲಿ ಬಂದ, ಸುಮಾರು 500 ಗ್ರಾಂ ತೂಕದ ‘ನಿರ್ಭೀಕ್’ ರಿವಾಲ್ವರ್ ಕೂಡ ಅಷ್ಟೇ.

ಇನ್ನು ನಿಖರತೆ. ಮಾಮೂಲಿ ತೋಟಾದಲ್ಲಿ ಗುಂಡಿನ ತೂಕ 98 ಗ್ರೇನ್, ಅಂದರೆ 6.35 ಗ್ರಾಂ. ವೇಗ ಸೆಕೆಂಡಿಗೆ ಸುಮಾರು 215 ಮೀಟರ್. ಲೆಕ್ಕ ಹಾಕಿದರೆ ಶಕ್ತಿ 147 ಜೌಲ್ ಆಸುಪಾಸು, ಹೆಚ್ಚುಕಡಿಮೆ .22 ಗುಂಡಿನಷ್ಟೇ. ಒಂಬತ್ತು ಎಂಎಂನಲ್ಲಿ ಇದರ ಮೂರು ಪಟ್ಟು ಇರುತ್ತದೆ. ಆತ್ಮರಕ್ಷಣೆಗೆ ಕೊಂಡವರಿಗೆ ಇದು ಕೊರತೆ. ಕಾಗದದ ಗುರಿಗೆ ಹೊಡೆಯುವವರಿಗೆ ಇದೇ ಅನುಕೂಲ. ಹಿನ್ನೂಕು ಕಡಿಮೆ, ಸದ್ದು ಮೆದು. ಗುಂಡು ಶಬ್ದದ ವೇಗದ ಒಳಗೇ ಹೋಗುವುದರಿಂದ ‘ಛಟ್’ ಅನ್ನುವ ಸೀಳುಸದ್ದಿಲ್ಲ. 25 ಮೀಟರ್ ಸೆಂಟರ್ ಫೈರ್ (ಮದ್ದಿಗೆ ಕಿಡಿ ಹಚ್ಚುವ ಕೇಪು ತಳದ ನಡುವೆ ಇರುವ ತೋಟಾದ) ಸ್ಪರ್ಧೆಯಲ್ಲಿ ಒಟ್ಟು 60 ಗುಂಡು. ಮೊದಲ 30 ನಿಧಾನದ ಸುತ್ತು, ಐದು ಗುಂಡಿಗೆ ಐದು ನಿಮಿಷ. ಉಳಿದ 30ರಲ್ಲಿ ಗುರಿ ಮೂರು ಸೆಕೆಂಡು ಮುಖ ತೋರಿಸಿ ಏಳು ಸೆಕೆಂಡು ಮರೆಯಾಗುತ್ತದೆ. ಪ್ರತಿ ಸಲ ಕೈ ಕೆಳಗಿನಿಂದ ಎತ್ತಿ ಒಂದೇ ಗುಂಡು ಹೊಡೆಯಬೇಕು. ಜೋರಾಗಿ ಒದೆಯುವ ತೋಟಾ ಆದರೆ ನಲವತ್ತನೇ ಗುಂಡಿನ ಹೊತ್ತಿಗೆ ಟ್ರಿಗರ್ ಎಳೆಯುವ ಮೊದಲೇ ಮಣಿಕಟ್ಟು ಬೆಚ್ಚಲು ಶುರುವಾಗುತ್ತದೆ. ಅಂಕ ಕಳೆಯುವುದು ಅಲ್ಲೇ.

ನಿಯಮದ ಪ್ರಕಾರ 7.62ರಿಂದ 9.65 ಮಿ.ಮೀ. ಬೋರಿನ (ಬ್ಯಾರೆಲ್ಲಿನ ಒಳವ್ಯಾಸದ) ಯಾವುದನ್ನಾದರೂ ತರಬಹುದು. ಆದರೂ ಪಾರ್ಡಿನಿ, ವಾಲ್ಟರ್‌ನಂಥ ತಯಾರಕರು ಈ ಸ್ಪರ್ಧೆಗೆಂದು ಮಾಡುವ ಪಿಸ್ತೂಲು .32 ಲಾಂಗ್‌ನದೇ. ರಿವಾಲ್ವರಿನ ತೋಟಾ ಪಿಸ್ತೂಲಿನ ಮ್ಯಾಗಜೀನಿಗೆ ಇಳಿದದ್ದು ಹೀಗೆ. ನಮ್ಮ ಜಸ್ಪಾಲ್ ರಾಣಾ 1994ರ ಹಿರೋಶಿಮಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದು, 2006ರಲ್ಲಿ ದೋಹಾದಲ್ಲಿ 590 ಅಂಕ ಹೊಡೆದು ವಿಶ್ವದಾಖಲೆ ಸರಿಗಟ್ಟಿದ್ದು ಇದೇ ಸೆಂಟರ್ ಫೈರ್ ಸ್ಪರ್ಧೆಯಲ್ಲಿ.

ಲೈಸೆನ್ಸಿನಲ್ಲಿ ‘.32 ಬೋರ್’ ಅಂತಷ್ಟೇ ಇದೆ. ಅಂಗಡಿಯಲ್ಲಿ ಎರಡು ಬೇರೆ ಡಬ್ಬಿ ತೋರಿಸಿದರು. ಯಾವುದು ನನ್ನ ರಿವಾಲ್ವರಿನದು?
– ಹರಿಹರ

ಡಬ್ಬಿ ತೆಗೆದುಕೊಳ್ಳುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಒಂದು ರಿವಾಲ್ವರಿನದು, 7.65 × 23 ಎಂಎಂ. ಇನ್ನೊಂದು ಪಿಸ್ತೂಲಿನದು, 7.65 × 17 ಎಂಎಂ, ಅದಕ್ಕೆ .32 ಎಸಿಪಿ ಅಥವಾ 7.65 ಬ್ರೌನಿಂಗ್ ಅಂತಲೂ ಹೆಸರು. ನಿಮ್ಮದು 23ರದು.

ಮೇಜಿನ ಮೇಲೆ ಎರಡನ್ನೂ ನಿಲ್ಲಿಸಿ ನೋಡಿ. ಪಿಸ್ತೂಲಿನದು ಗಿಡ್ಡ, ಅದರ ತಳದ ಅಂಚಿಗೆ ಸೇರಿದಂತೆ ಸುತ್ತ ಒಂದು ಕಾಲುವೆ ಕೊರೆದಿರುತ್ತದೆ, ಅಂಚು ಕೋಶಕ್ಕಿಂತ ಕೂದಲೆಳೆಯಷ್ಟೇ ಹೊರಗೆ. ರಿವಾಲ್ವರಿನದರಲ್ಲಿ ಕಾಲುವೆ ಇರುವುದಿಲ್ಲ, ಅಂಚು ಬಿಲ್ಲೆಯ ಹಾಗೆ ಸ್ಪಷ್ಟವಾಗಿ ಚಾಚಿರುತ್ತದೆ. ಗುಂಡಿನಲ್ಲೂ ವ್ಯತ್ಯಾಸವಿದೆ: ಪಿಸ್ತೂಲಿನದಕ್ಕೆ ಸಾಮಾನ್ಯವಾಗಿ ತಾಮ್ರದ ಬಣ್ಣದ ಹೊದಿಕೆ, ರಿವಾಲ್ವರಿನದಕ್ಕೆ ಹೆಚ್ಚಾಗಿ ಬರೀ ಸೀಸ.

ಕೋಶದ ದಪ್ಪ ಎರಡರದೂ ಸುಮಾರು 8.5 ಮಿ.ಮೀ. ಹಾಗಾಗಿ ಪಿಸ್ತೂಲಿನ ತೋಟಾ ಎಷ್ಟೋ ರಿವಾಲ್ವರುಗಳ ಗೂಡಿಗೆ, ಅಂದರೆ ಸಿಲಿಂಡರಿನಲ್ಲಿ ತೋಟಾ ಕೂರುವ ತೂತಿಗೆ, ಸಲೀಸಾಗಿ ಇಳಿದುಬಿಡುತ್ತದೆ. ‘ಕೂತಿತಲ್ಲ’ ಅಂತ ಹಾರಿಸಬೇಡಿ. .32 ಲಾಂಗ್‌ನ ಗರಿಷ್ಠ ಒತ್ತಡದ ಮಿತಿ ಚದರ ಇಂಚಿಗೆ 15,000 ಪೌಂಡ್, ಎಸಿಪಿಯದು 20,500. ಹಳೆಯ ರಿವಾಲ್ವರಿನ ಕೀಲು, ಚಿಲಕ ಆ ಹೆಚ್ಚಿನ ಹೊಡೆತಕ್ಕೆ ಮಾಡಿದ್ದಲ್ಲ. ಮೊದಲ ದಿನವೇ ಒಡೆಯದಿದ್ದರೂ ಕೀಲು ಸಡಿಲಾಗುತ್ತಾ ಹೋಗುತ್ತದೆ.

‘ವಾಡ್‌ಕಟರ್’ ಎಂದರೇನು? ಮಾಮೂಲಿ ರಿವಾಲ್ವರಿನಲ್ಲಿ ಹಾಕಬಹುದೇ?
– ಚಳ್ಳಕೆರೆ

ಕಂಬದ ತುಂಡಿನಂತೆ ಎರಡೂ ಕಡೆ ಚಪ್ಪಟೆಯಾದ ಸೀಸದ ಗುಂಡು. ಕೋಶದ ಬಾಯಿಗೆ ಸಮನಾಗಿ ಒಳಗೇ ಕೂತಿರುವುದರಿಂದ ಮೊದಲ ಸಲ ನೋಡಿದವರಿಗೆ ಇದು ಹಾರಿಸಿದ ಖಾಲಿ ಕೋಶವೇನೋ ಅನಿಸುತ್ತದೆ. ಪ್ರಯೋಜನ ತಿಳಿಯಬೇಕಾದರೆ ಹೊಡೆದ ಗುರಿಕಾಗದವನ್ನು ಬೆಳಕಿಗೆ ಹಿಡಿಯಿರಿ. ಉರುಟು ಮೂತಿಯ ಗುಂಡು ಕಾಗದವನ್ನು ತಳ್ಳಿ ಹರಿದಿರುತ್ತದೆ; ತೂತು ಗುಂಡಿಗಿಂತ ಚಿಕ್ಕದು, ಅಂಚಿನಲ್ಲಿ ಚಿಂದಿ. ವಾಡ್‌ಕಟರ್ ಮಾಡಿದ್ದು ಕಚೇರಿಯ ಪಂಚಿಂಗ್ ಮೆಷಿನ್ನಿನಲ್ಲಿ ಒತ್ತಿದಂಥ ದುಂಡನೆಯ ತೂತು. ಹತ್ತರ ಗೆರೆ ಮುಟ್ಟಿದೆಯೋ ಇಲ್ಲವೋ ಎಂಬ ಜಗಳಕ್ಕೇ ಜಾಗ ಇರುವುದಿಲ್ಲ.

.32 ಲಾಂಗ್ ರಿವಾಲ್ವರಿನಲ್ಲಿ ಹಾಕಬಹುದು. ಎರಡು ವಿಷಯ ಗಮನಿಸಿ. ಮೂತಿ ಇಲ್ಲದ ಕಾರಣ ಗೂಡಿನ ಬಾಯಿಗೆ ತಾನಾಗಿ ಜಾರುವುದಿಲ್ಲ, ತುಂಬುವುದು ನಿಧಾನ. ಮತ್ತೆ, ಗೂಡು ಬ್ಯಾರೆಲ್ಲಿಗೆ ನೇರ ನಿಲ್ಲದ ಸವೆದ ರಿವಾಲ್ವರಿನಲ್ಲಿ ಚೂಪು ಅಂಚು ಕೆತ್ತಿಕೊಂಡು ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಪಕ್ಕದವರ ಕೈಗೆ ಚುರ್ ಅಂದರೆ ರಿವಾಲ್ವರನ್ನು ಲೈಸೆನ್ಸ್ ಇರುವ ದುರಸ್ತಿಗಾರರಿಗೆ ತೋರಿಸಿ.

ಪ್ರತಿ ಚುನಾವಣೆಗೂ ರಿವಾಲ್ವರ್ ಠಾಣೆಗೆ ಜಮೆ ಮಾಡುತ್ತೇವೆ. ವಾಪಸ್ ಬಂದಾಗ ಬ್ಯಾರೆಲ್ಲಿನಲ್ಲಿ ಕೆಂಪು ತುಕ್ಕಿನ ಚುಕ್ಕೆ. ತಡೆಯುವುದು ಹೇಗೆ?
– ಹೊಳಲ್ಕೆರೆ

ಕೊಡುವ ಹಿಂದಿನ ದಿನ ಅರ್ಧ ಗಂಟೆ ಕೆಲಸ ಮಾಡಿ. ಖಾಲಿ ಮಾಡಿ, ಆರೂ ಗೂಡಿಗೆ ಬೆರಳು ಹಾಕಿ ಖಾತ್ರಿ ಮಾಡಿಕೊಳ್ಳಿ. ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. .32 ಅಳತೆಯ ಹಿತ್ತಾಳೆ ಬ್ರಷ್ಷಿಗೆ ಸಾಲ್ವೆಂಟ್ (ಮಸಿ ಕರಗಿಸುವ ದ್ರಾವಣ) ಹಚ್ಚಿ ಬ್ಯಾರೆಲ್ಲಿಗೆ ಹತ್ತು ಸಲ, ಪ್ರತಿ ಗೂಡಿಗೆ ಐದಾರು ಸಲ ಆಡಿಸಿ, ಹತ್ತು ನಿಮಿಷ ಬಿಡಿ. ಬಿಳಿ ಬಟ್ಟೆಯ ಚೂರು ಬಿಳಿಯಾಗಿಯೇ ಹೊರಬರುವವರೆಗೆ ಒರೆಸಿ. ಹಳೆಯ ಮಸಿಯ ಮೇಲೆ ಎಣ್ಣೆ ಬಳಿದರೆ ತುಕ್ಕು ಅದರಡಿಯಲ್ಲೇ ಬೆಳೆಯುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲಿ. ಆಮೇಲೆ ಕೋವಿ ಎಣ್ಣೆಯ ಎರಡು ಹನಿ ಬಟ್ಟೆಗೆ ಹಾಕಿ ಒಳಹೊರಗೆ ತೆಳ್ಳಗೆ ಸವರಿ. ಕೊನೆಗೆ ಮುಟ್ಟಿದ ಬೆರಳ ಗುರುತನ್ನೂ ಒರೆಸಿ, ಬೆವರಿನ ಉಪ್ಪೇ ಮೊದಲ ಚುಕ್ಕೆ ಎಬ್ಬಿಸುವುದು. ಕೋವಿ ಎಣ್ಣೆ ಇಲ್ಲದಿದ್ದರೆ ಹೊಲಿಗೆ ಮೆಷಿನ್ ಎಣ್ಣೆ ಸಾಕು. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಬೇಡವೇ ಬೇಡ. ತಿಂಗಳೊಪ್ಪತ್ತಿನಲ್ಲಿ ಅಂಟಾಗಿ ಟ್ರಿಗರ್ ಹಿಡಿದುಕೊಳ್ಳುತ್ತದೆ.

ಚರ್ಮದ ಚೀಲದಲ್ಲಿಟ್ಟು ಕೊಡಬೇಡಿ, ಚರ್ಮ ತೇವ ಹೀರುತ್ತದೆ. ಎಣ್ಣೆ ಸವರಿದ ಹತ್ತಿಬಟ್ಟೆಯಲ್ಲಿ ಸುತ್ತಿ ಕೊಡಿ. ರಸೀದಿಯಲ್ಲಿ ರಿವಾಲ್ವರಿನ ನಂಬರ್, ತೋಟಾ ಕೊಟ್ಟಿದ್ದರೆ ಅದರ ಲೆಕ್ಕ ಬರೆಸಿಕೊಳ್ಳಿ. ವಾಪಸ್ ಬಂದ ಮೇಲೆ ಹಾರಿಸುವ ಮೊದಲು ಬ್ಯಾರೆಲ್, ಗೂಡುಗಳನ್ನು ಒಣಬಟ್ಟೆಯಿಂದ ಒರೆಸಲೇಬೇಕು. ಗೂಡಿನಲ್ಲಿ ಎಣ್ಣೆ ಉಳಿದರೆ ಕೋಶ ಗೋಡೆಗೆ ಕಚ್ಚದೆ ಹಿಂದಕ್ಕೆ ಜೋರಾಗಿ ಒದೆಯುತ್ತದೆ. ಎಣ್ಣೆ ಕೇಪಿನ ಒಳಗೆ ಇಳಿದರೆ ತೋಟಾ ಹಾರುವುದೇ ಇಲ್ಲ.

ಬೆಲ್ಟಿನಲ್ಲಿಟ್ಟ ತೋಟಾಗಳ ಮೇಲೆ ಹಸಿರು ಪುಡಿ ಬಂದಿದೆ. ಮನೆಯಲ್ಲಿ ಹುಣಸೆಹಣ್ಣಿನಿಂದ ತಿಕ್ಕಿದರೆ ಹೋಗುತ್ತದೆ ಎನ್ನುತ್ತಾರೆ.
– ಹೊಸದುರ್ಗ

ಬೇಡ. ಹಿತ್ತಾಳೆ ಕೊಡಕ್ಕೆ ಹುಣಸೆಹಣ್ಣು ಸರಿ, ಅದರೊಳಗೆ ಮದ್ದು ಇರುವುದಿಲ್ಲ. ತೋಟಾಕ್ಕೆ ಹಚ್ಚಿದರೆ ಹುಳಿ ನೀರು ಕೇಪಿನ ಸುತ್ತಲಿನ ಸಂದಿಗೆ ಇಳಿಯುತ್ತದೆ, ಹುಳಿ ಹಿತ್ತಾಳೆಯನ್ನೂ ತಿನ್ನುತ್ತದೆ. ಹಸಿರು ಬಂದಿರುವುದು ಚರ್ಮ ಹದಮಾಡಿದ ಆಮ್ಲ ಹಿತ್ತಾಳೆಯ ತಾಮ್ರಕ್ಕೆ ತಾಗಿ. ಒಣಬಟ್ಟೆಯಲ್ಲಿ ಒರೆಸಿ, ಉಗುರಿನಿಂದ ಸವರಿ ನೋಡಿ. ಮೇಲ್ಮೈ ನಯವಾಗಿದ್ದರೆ ಮೊದಲ ಅಭ್ಯಾಸದಲ್ಲೇ ಬಳಸಿ ಮುಗಿಸಿ. ಉಗುರಿಗೆ ಗುಳಿ ಸಿಕ್ಕಿದರೆ ಹಾರಿಸಬೇಡಿ, ಲೈಸೆನ್ಸ್ ಇರುವ ಮಾರಾಟಗಾರರ ಬಳಿ ವಿಲೇವಾರಿ ಕೇಳಿ. ಮುಂದೆ ತೋಟಾವನ್ನು ಅದರ ರಟ್ಟಿನ ಡಬ್ಬಿಯಲ್ಲೇ ಇಡಿ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಮರೆತು ಬಿಡಬೇಡಿ.

ಅಭ್ಯಾಸದಲ್ಲಿ ಒಂದು ಗುಂಡು ‘ಪುಸ್’ ಎಂದಿತು, ಕೈಗೆ ಒದೆತವೇ ಬರಲಿಲ್ಲ. ಮುಂದಿನದನ್ನು ಹೊಡೆಯಬಹುದಿತ್ತೇ?
– ಹಿರಿಯೂರು

ಹೊಡೆಯದಿದ್ದುದು ನಿಮ್ಮ ಕೈ ಉಳಿಸಿದೆ. ಮದ್ದು ಉರಿಯದೆ ಬರೀ ಕೇಪಿನ ಬಲಕ್ಕೆ ಗುಂಡು ಹೊರಟು ಬ್ಯಾರೆಲ್ಲಿನ ನಡುವೆ ಸಿಕ್ಕಿಕೊಂಡಾಗ ಹೀಗಾಗುತ್ತದೆ. ಅದರ ಹಿಂದೆ ಇನ್ನೊಂದು ಹೋದರೆ ಬ್ಯಾರೆಲ್ ಉಬ್ಬುತ್ತದೆ ಅಥವಾ ಸೀಳುತ್ತದೆ. .32 ಲಾಂಗ್‌ನ ಸದ್ದೇ ಮೆದು, ಕಿವಿಗೆ ಮಫ್ ಹಾಕಿಕೊಂಡವರಿಗೆ ವ್ಯತ್ಯಾಸ ತಪ್ಪಿಹೋಗಬಹುದು. ಆದ್ದರಿಂದ ಸದ್ದಿಗಿಂತ ಒದೆತವನ್ನು ನಂಬಿ.

ಮೂತಿ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ಹೊರಗೆ. 30 ಸೆಕೆಂಡು ಕಾಯಿರಿ, ಬರೀ ‘ಟಕ್’ ಎಂದು ಹಾರದೇ ಉಳಿದ ತೋಟಾಕ್ಕೂ ಇದೇ ಕ್ರಮ. ಖಾಲಿ ಕೈ ಎತ್ತಿ ರೇಂಜ್ ಅಧಿಕಾರಿಯನ್ನು ಕರೆಯಿರಿ. ಸಿಲಿಂಡರ್ ಪೂರ್ತಿ ಖಾಲಿ ಮಾಡಿದ ಮೇಲೆ ಹಿಂದಿನಿಂದ ಬ್ಯಾರೆಲ್ಲಿನಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ಸಿಲಿಂಡರ್ ತಿರುಗುತ್ತಲೂ ಇಲ್ಲ, ತೆರೆಯುತ್ತಲೂ ಇಲ್ಲ ಎಂದರೆ ಗುಂಡು ಗೂಡಿಗೂ ಬ್ಯಾರೆಲ್ಲಿಗೂ ನಡುವೆ ನಿಂತಿದೆ. ಸುತ್ತಿಗೆ ಹಿಡಿಯಬೇಡಿ, ಅದು ದುರಸ್ತಿಗಾರರ ಕೆಲಸ.

ಹೊಲಕ್ಕೆ ಹಂದಿ, ಕರಡಿ ಬರುತ್ತವೆ. ಈ ರಿವಾಲ್ವರ್ ಸಾಕೇ?
– ಜಗಳೂರು

ಸಾಲದು. ಇಷ್ಟು ಶಕ್ತಿಯ ಗುಂಡು ಕರಡಿಯನ್ನು ನಿಲ್ಲಿಸುವುದಿಲ್ಲ, ಗಾಯಮಾಡಿ ಕೆರಳಿಸುತ್ತದೆ. ಕರಡಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಅರಣ್ಯ ಇಲಾಖೆಗೆ ತಿಳಿಸಿ, ಬೆಳೆಹಾನಿ ಪರಿಹಾರಕ್ಕೆ ಅರ್ಜಿ ಹಾಕಿ.

ಖಾಲಿ ಕೋಶಕ್ಕೆ ಮತ್ತೆ ಮದ್ದು ತುಂಬಬಹುದೇ?
– ಚನ್ನಗಿರಿ

ತಯಾರಿಕೆಯ ಪರವಾನಗಿ ಇಲ್ಲದೆ ಅದು ಅಪರಾಧ. ಇಷ್ಟು ಚಿಕ್ಕ ಕೋಶದಲ್ಲಿ ಮದ್ದು ಸ್ವಲ್ಪ ಹೆಚ್ಚಾದರೂ ಒತ್ತಡ ಮಿತಿ ಮೀರುತ್ತದೆ.

ಅಜ್ಜನ ಕಾಲದ ಗಿಡ್ಡ .32 ತೋಟಾ ಹಾರಿಸಿದ ಮೇಲೆ ಲಾಂಗ್ ತೋಟಾ ಅರ್ಧದಲ್ಲೇ ನಿಲ್ಲುತ್ತಿದೆ. ಗೂಡು ಕೆಟ್ಟಿತೇ?
– ಚಿತ್ರದುರ್ಗ

ಕೆಟ್ಟಿಲ್ಲ. ಗಿಡ್ಡ .32 ಎಸ್ ಅಂಡ್ ಡಬ್ಲ್ಯೂ (ಸ್ಮಿತ್ ಅಂಡ್ ವೆಸನ್) ತೋಟಾವನ್ನು ಲಾಂಗ್ ಗೂಡಿನಲ್ಲಿ ಹಾರಿಸಬಹುದು. ಆದರೆ ಅದರ ಕೋಶ ಮುಗಿಯುವಲ್ಲಿ, ಬಾಯಿಂದ ಸ್ವಲ್ಪ ಒಳಗೆ, ಮಸಿ ಮತ್ತು ಸೀಸ ಸೇರಿ ಬಳೆಯ ಹಾಗೆ ಕಟ್ಟುತ್ತದೆ. ಲಾಂಗ್ ಕೋಶದ ತುದಿ ಆ ಬಳೆಗೆ ತಾಗಿ ನಿಲ್ಲುತ್ತಿದೆ. ಹೆಬ್ಬೆರಳಿನಿಂದ ಒತ್ತಿ ಕೂರಿಸಬೇಡಿ; ಕೋಶದ ಬಾಯಿ ಗುಂಡನ್ನು ಬಿಗಿಯಾಗಿ ಹಿಡಿದು ಒತ್ತಡ ಏರುತ್ತದೆ. ಸಾಲ್ವೆಂಟ್ ಹಾಕಿ ಹದಿನೈದು ನಿಮಿಷ ನೆನೆಯಲು ಬಿಟ್ಟು, ಹಿತ್ತಾಳೆ ಬ್ರಷ್ಷನ್ನು ತಿರುಗಿಸುತ್ತಾ ತಿಕ್ಕಿ. ಉಕ್ಕಿನ ಬ್ರಷ್, ಮರಳು ಕಾಗದ ಮುಟ್ಟಿಸಬೇಡಿ. ತೋಟಾ ತನ್ನ ತೂಕಕ್ಕೇ ಜಾರಿ, ರಿಮ್ ಸಿಲಿಂಡರಿಗೆ ಅಂಟಿ ಕೂತರೆ ಗೂಡು ಸ್ವಚ್ಛವಾಗಿದೆ. ಇನ್ನು ಮುಂದೆ ಒಂದೇ ದಿನ ಎರಡನ್ನೂ ಹಾರಿಸುವುದಾದರೆ ಲಾಂಗ್ ಮೊದಲು, ಗಿಡ್ಡ ಆಮೇಲೆ.