5 ಎಚ್‌ಪಿ ಮೋಟರ್ ಹಾಕಿದರೂ ನೀರು ಯಾಕೆ ಬರಲಿಲ್ಲ?

ಕೃಷಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿ ನಿವೃತ್ತನಾದವನು ನಾನು. ಈ ಸಲ ಬಂದ ಪತ್ರಗಳೆಲ್ಲ ನೀರಿನ ಬಗ್ಗೆಯೇ ಇವೆ. ಬೇಸಿಗೆ ಅಲ್ವಾ!

ಪ್ರಶ್ನೆ: ಬಿ.ಎಸ್‌ಸಿ. ಕೃಷಿ ಮೊದಲ ವರ್ಷದಲ್ಲಿದ್ದೇನೆ. ಊರು ಶಿರಾ ಹತ್ತಿರ. ನಮ್ಮ ತೆರೆದ ಬಾವಿಯಲ್ಲಿ ನೀರು 35 ಅಡಿಗೆ ಇಳಿದಿದೆ. ದಡದ ಮೇಲಿನ 3 ಎಚ್‌ಪಿ ಮೋಟರ್ ಸುಮ್ನೆ ತಿರುಗುತ್ತದೆ, ನೀರು ಬರಲ್ಲ. ಅಪ್ಪ 5 ಎಚ್‌ಪಿ ತರೋಣ ಅಂತಿದ್ದಾರೆ. ತರಬಹುದಾ?

ಉತ್ತರ: ಅಪ್ಪನನ್ನು ಇವತ್ತೇ ತಡೆಯಿರಿ. ನಮ್ಮ ಮನೆಯಲ್ಲಿ ಇದೇ ಕೆಲಸ ಮಾಡಿ ಕೈ ಸುಟ್ಟುಕೊಂಡಿದ್ದೇವೆ. ನಾನು ಪಿಯುಸಿ ಓದುವಾಗ ಒಂದು ಏಪ್ರಿಲ್‌ನಲ್ಲಿ ನಮ್ಮ ಬಾವಿಯೂ ಹೀಗೇ ಕೈಕೊಟ್ಟಿತು. ಪೇಟೆಯ ಮೆಕ್ಯಾನಿಕ್ ಒಬ್ಬ ಬಂದು ನೋಡಿ, ಮೋಟರಿಗೆ ಶಕ್ತಿ ಸಾಲದು ಅಂದ. ಅಪ್ಪ ಹಾಲು ಕೊಡುವ ಹಸು ಮಾರಿ ದೊಡ್ಡ ಮೋಟರ್ ತಂದರು. ಸದ್ದು ಜಾಸ್ತಿ ಆಯಿತು, ಅಷ್ಟೇ. ಒಂದು ಚೊಂಬು ನೀರೂ ಬರಲಿಲ್ಲ. ಗಾಳಿಯ ಒತ್ತಡದ ಪಾಠದಲ್ಲಿ ಒಳ್ಳೇ ಮಾರ್ಕ್ಸ್ ತೆಗೆದಿದ್ದ ನಾನು ಪಕ್ಕದಲ್ಲೇ ನಿಂತಿದ್ದೆ. ಆ ಪಾಠ ನಮ್ಮ ಬಾವಿಯದೇ ಅಂತ ಹೊಳೆಯಲೇ ಇಲ್ಲ.

ದಡದ ಮೇಲಿನ ಪಂಪು ನೀರನ್ನು ಹಿಡಿದು ಎಳೆಯುವುದಿಲ್ಲ. ಬಾವಿಗೆ ಇಳಿಬಿಟ್ಟ ಸಕ್ಷನ್ ಪೈಪಿನೊಳಗೆ ಒತ್ತಡ ಕಡಿಮೆ ಮಾಡುತ್ತದೆ. ಆಗ ಬಾವಿಯ ನೀರಿನ ಮೇಲೆ ಕೂತಿರುವ ಗಾಳಿಯೇ ನೀರನ್ನು ಪೈಪಿನೊಳಕ್ಕೆ ಒತ್ತಿ ಮೇಲೆ ಕಳಿಸುತ್ತದೆ. ನೀವು ಪೈಪನ್ನು ಪೂರ್ತಿ ಖಾಲಿ ಮಾಡಿದರೂ ಗಾಳಿ ತಳ್ಳುವುದು ಅದರ ತಾಕತ್ತಿನಷ್ಟೇ. ಇಟಲಿಯ ವಿಜ್ಞಾನಿ ಟಾರಿಚೆಲ್ಲಿ 1644ರ ಒಂದು ಪತ್ರದಲ್ಲಿ, ನಾವೆಲ್ಲ ಗಾಳಿಯ ಕಡಲಿನ ತಳದಲ್ಲಿ ಬದುಕಿದ್ದೇವೆ ಎಂದು ಬರೆದ. ಆ ಕಡಲಿನ ಭಾರ ಎತ್ತಿ ಹಿಡಿಯುವುದು 76 ಸೆಂಟಿಮೀಟರ್ ಪಾದರಸವನ್ನು. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಗುಣಿಸಿ ನೋಡಿ, ನೀರಾದರೆ 10.3 ಮೀಟರ್, ಅಂದರೆ 34 ಅಡಿ. ಇದು ಮಂಗಳೂರಿನ ಕಡಲ ದಂಡೆಯ ಲೆಕ್ಕ. ಶಿರಾ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ. ಅಲ್ಲಿ ಸುಮಾರು 31 ಅಡಿ. ಪೈಪಿನ ಉಜ್ಜಾಟ, ಪೈಪಿನ ಬುಡದ ಫುಟ್‌ವಾಲ್ವ್, ಸಣ್ಣಪುಟ್ಟ ಸೋರಿಕೆ ಎಲ್ಲ ಕಳೆದರೆ ಕೈಗೆ ಸಿಗುವುದು 20-22 ಅಡಿ. ಈ ಲೆಕ್ಕದಲ್ಲಿ ಎಚ್‌ಪಿ ಎಲ್ಲಾದರೂ ಬಂತಾ?

ಕೊನೆಗೆ ನಾವು ಬಾವಿಯ ಗೋಡೆಗೆ ಚಪ್ಪಡಿ ಸಿಕ್ಕಿಸಿ ಅಟ್ಟ ಕಟ್ಟಿದೆವು. ಹಳೇ ಮೋಟರನ್ನೇ 15 ಅಡಿ ಕೆಳಗಿಳಿಸಿದೆವು. ನೀರು ಬಂತು. ನಿಮ್ಮಲ್ಲೂ ಅಷ್ಟು ಇಳಿಸಿದರೆ ಗಾಳಿಗೆ ಉಳಿಯುವ ಕೆಲಸ 20 ಅಡಿ ಮಾತ್ರ. ಅಲ್ಲಿಂದ ಮೇಲಕ್ಕೆ ತಳ್ಳುವುದು ಪಂಪು, ಎಚ್‌ಪಿ ಬೇಕಾಗುವುದು ಅಲ್ಲಿ. ಸಬ್‌ಮರ್ಸಿಬಲ್ ಪಂಪು ನೀರಿನೊಳಗೇ ಕೂತು ತಳ್ಳುತ್ತದೆ, ಅದಕ್ಕೇ 500 ಅಡಿ ಬೋರ್‌ವೆಲ್‌ನಿಂದಲೂ ನೀರು ಬರುತ್ತದೆ. ಒಂದು ಮಾತು: ಮಳೆ ಶುರುವಾಗುವ ಮೊದಲು ಮೋಟರ್ ಮೇಲೆತ್ತಿ. ನಾವು ಒಂದು ವರ್ಷ ಮರೆತು ಮುಳುಗಿಸಿದ್ದೂ ಆಗಿದೆ.

ಪ್ರಶ್ನೆ: ಗಾಳಿಗೆ 34 ಅಡಿಯೇ ಮಿತಿಯಾದರೆ ನಮ್ಮ ತೀರ್ಥಹಳ್ಳಿ ಕಡೆಯ 50 ಅಡಿ ಅಡಿಕೆ ಮರದ ತುದಿಗೆ ನೀರು ಹೇಗೆ ಹತ್ತುತ್ತದೆ?

ಉತ್ತರ: ತರಗತಿಯಲ್ಲಿ ಈ ಪ್ರಶ್ನೆ ಬರಲಿ ಅಂತ ಪ್ರತಿ ವರ್ಷ ಕಾಯುತ್ತಿದ್ದೆ. ಮರದಲ್ಲಿ ನಿಜವಾಗಿಯೂ ಎಳೆತ ಇದೆ. ಎಲೆಯಿಂದ ನೀರು ಆವಿಯಾದಾಗ ಜೀವಕೋಶದ ಗೋಡೆಯ ಅತಿ ಸಣ್ಣ ರಂಧ್ರಗಳಲ್ಲಿ ನೀರಿನ ಮೇಲ್ಮೈ ಒಳಕ್ಕೆ ಬಾಗುತ್ತದೆ. ಹಾಗೆ ಬಾಗಿದ ಮೇಲ್ಮೈ ಹಿಂದಿನ ನೀರನ್ನು ಎಳೆಯುತ್ತದೆ. ನೀರಿನ ಕಣಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದಿರುವುದರಿಂದ ಬೇರಿನವರೆಗೂ ಹಗ್ಗದ ಹಾಗೆ ಎಳೆತ ಮುಟ್ಟುತ್ತದೆ. ಡಬ್ಲಿನ್‌ನ ವಿಜ್ಞಾನಿಗಳಾದ ಡಿಕ್ಸನ್ ಮತ್ತು ಜೋಲಿ ಇದನ್ನು 1894ರಲ್ಲೇ ಹೇಳಿದರು.

ಪೈಪಿನಲ್ಲಿ ಈ ಹಗ್ಗ ನಿಲ್ಲುವುದಿಲ್ಲ. ಅಗಲ ಜಾಸ್ತಿ, ನೀರಿನಲ್ಲಿ ಗಾಳಿ, ಕಸ ಇರುತ್ತದೆ, ಗುಳ್ಳೆ ಎದ್ದು ತುಂಡಾಗುತ್ತದೆ. ಮರದ ನಾಳ ಕೂದಲಿನಷ್ಟು ಸಣ್ಣ. ಒಂದರಲ್ಲಿ ಗುಳ್ಳೆ ಎದ್ದರೂ ಪಕ್ಕದ್ದಕ್ಕೆ ಸುಲಭಕ್ಕೆ ದಾಟದು. ಸುಗಂಧರಾಜದ ಕಡ್ಡಿಯನ್ನು ನೀರಿನೊಳಗೇ ಹಿಡಿದು ಕತ್ತರಿಸಿ, ಇನ್ನೊಂದನ್ನು ಹೊರಗೆ ಕತ್ತರಿಸಿ. ಎರಡನ್ನೂ ಹೂದಾನಿಯಲ್ಲಿಟ್ಟು ಯಾವುದು ಮೊದಲು ಬಾಡುತ್ತದೆ ನೋಡಿ.

ಪ್ರಶ್ನೆ: ವಿಜಯಪುರದ ಎರೆಮಣ್ಣು ನಮ್ಮದು. ಮುಟ್ಟಿದರೆ ಇನ್ನೂ ಹಸಿ ಇದೆ, ಆದರೂ ಬೆಳೆ ಬಾಡುತ್ತಿದೆ. ರೋಗವೇ?

ಉತ್ತರ: ಬೇರು ಸೀಳಿ ನೋಡಿ. ಕೊಳೆತ ಇಲ್ಲದಿದ್ದರೆ ಮೊದಲು ಅನುಮಾನಿಸಬೇಕಾದ್ದು ಮಣ್ಣಿನ ಹಿಡಿತವನ್ನು. ಎರೆಮಣ್ಣಿನ ಕಣ ತುಂಬಾ ಸಣ್ಣ, ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಿಮ್ಮ ಪುಸ್ತಕದಲ್ಲಿ ಬಾಡುವ ಹಂತ ಅಂದರೆ 15 ಬಾರ್ ಎಂದಿರುತ್ತದೆ, ಅಂದರೆ ಮಣ್ಣಿನ ಹಿಡಿತ ಅಷ್ಟು ಬಿಗಿ (ಒಂದು ಬಾರ್ ಹೆಚ್ಚುಕಡಿಮೆ ಗಾಳಿಯ ಒತ್ತಡದಷ್ಟು). ಅದನ್ನು ನೀರಿನ ಎತ್ತರಕ್ಕೆ ತಿರುಗಿಸಿ: 500 ಅಡಿ! 100 ಗ್ರಾಂ ಒಣ ಎರೆಮಣ್ಣಿಗೆ 20 ಗ್ರಾಂ ನೀರಿದ್ದರೂ ಬೇರಿಗೆ ಅದು 500 ಅಡಿ ಆಳದ ನೀರಿನಂತೆ. ಮರಳು ಮಿಶ್ರಿತ ಮಸಬಿನಲ್ಲಿ ಅಷ್ಟೇ ನೀರಿದ್ದರೆ ಬೆಳೆ ನಗುತ್ತಿರುತ್ತದೆ.

ಪ್ರಶ್ನೆ: 10 ಅಡಿ ಎತ್ತರದ ಕಟ್ಟೆಯ ಮೇಲೆ 1,000 ಲೀಟರ್ ಟ್ಯಾಂಕ್ ಇಟ್ಟು ಡ್ರಿಪ್ ಮಾಡಿದ್ದೇವೆ. ಗಂಟೆಗೆ 4 ಲೀಟರ್ ಎಂದಿರುವ ಡ್ರಿಪ್ಪರ್‌ನಲ್ಲಿ ಅಷ್ಟು ಬರುತ್ತಿಲ್ಲ. 5,000 ಲೀಟರ್ ಟ್ಯಾಂಕ್ ಇಡಲಾ?

ಉತ್ತರ: ಬೇಡ. ಟ್ಯಾಂಕಿನ ಹೊಟ್ಟೆಗೂ ಒತ್ತಡಕ್ಕೂ ಸಂಬಂಧ ಇಲ್ಲ, ನೀರು ಎಷ್ಟು ಎತ್ತರದಲ್ಲಿದೆ ಅನ್ನೋದೇ ಮುಖ್ಯ. ಆ 4 ಲೀಟರ್ ಸಾಮಾನ್ಯವಾಗಿ 10 ಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಹೇಳುವ ಲೆಕ್ಕ. ನಿಮ್ಮದು 3 ಮೀಟರ್. ಮಾಮೂಲಿ ಡ್ರಿಪ್ಪರ್‌ನಲ್ಲಿ ಹರಿವು ಒತ್ತಡದ ವರ್ಗಮೂಲದ ಹಾಗೆ ಇಳಿಯುತ್ತದೆ. ಹಾಗಾಗಿ ಸಿಗುವುದು ಗಂಟೆಗೆ 2.2 ಲೀಟರ್. ಒಂದು ಡ್ರಿಪ್ಪರ್ ಕೆಳಗೆ 15 ನಿಮಿಷ ಪಾತ್ರೆ ಇಡಿ. ಅರ್ಧ ಲೀಟರ್ ಬಂದರೆ ಎಲ್ಲ ಸರಿಯಿದೆ, ಹೊತ್ತು ಜಾಸ್ತಿ ಬಿಡಿ. ತುಂಬಾ ಕಡಿಮೆ ಬಂದರೆ ಮೊದಲು ಫಿಲ್ಟರ್ ಬಿಚ್ಚಿ ತೊಳೆಯಿರಿ.